ಬೈತಖೋಲಕ್ಕೆ ಬಾರದ ಓಟಿಪಿ

ನಾನು ಯಾರು ಎಂಬ ಬಗ್ಗೆ ನನಗಾಗಲಿ ಮನೆಯವರಿಗಾಗಲಿ ಈವರೆಗೆ ಸಂಶಯ ಬಂದದ್ದಿಲ್ಲ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬೆಳಗಿನ ಬಸ್ಸಿನ ಕಂಡಕ್ಟರ್ ಕೂಡ ಆಧಾರ್ ಕಾರ್ಡ್ ನೋಡದೆಯೇ ನನಗೆ ಫ್ರೀ ಟಿಕೆಟ್ ಹರಿದು ಕೊಡುತ್ತಾನೆ. ಸಂಶಯವಿರುವುದು ಆಫೀಸಿನ ಕಂಪ್ಯೂಟರಿಗೆ ಮಾತ್ರ. ನಾನು ಎದ್ದು ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಅದು ನನ್ನನ್ನು ಮರೆತು, ನೀವು ನಿಜವಾಗಿಯೂ ನೀವೇನಾ ಎಂದು ವಿಚಾರಣೆಗೆ ನಿಲ್ಲುತ್ತದೆ. ಐವತ್ತು ದಾಟಿದವಳಿಗೆ ಬೆಳಗಿನ ಹೊತ್ತು ಕೇಳಬಾರದ ಪ್ರಶ್ನೆ ಅದು.

ನನ್ನ ಕೆಲಸ ಬೈತಖೋಲ ಬಂದರಿನ ಪಕ್ಕದ ಒಂದು ಮೀನು ಕಂಪನಿಯಲ್ಲಿ. ಬೋಟಿನಿಂದ ಇಳಿದ ಮೀನು ಕೊಂಡು, ಐಸ್ ತುಂಬಿ, ಗೋವಾ ಕೇರಳದ ಕಡೆ ಲಾರಿಯಲ್ಲಿ ಕಳಿಸುತ್ತೇವೆ. ಯಾವ ಲಾರಿಯಲ್ಲಿ ಯಾವ ಮೀನು, ಯಾರಿಗೆ, ಎಲ್ಲಿಗೆ ಎಂಬುದನ್ನೆಲ್ಲ ಸಾಫ್ಟ್‌ವೇರಿಗೆ ತುಂಬಿದರೆ ಮಾತ್ರ ಗೇಟ್ ಪಾಸ್ ಹುಟ್ಟುತ್ತದೆ. ಮಳೆಗಾಲದ ನಿಷೇಧ ಮುಗಿದು ಬೋಟುಗಳು ಕಡಲಿಗಿಳಿದ ವಾರವೇ ಮಂಗಳೂರಿನ ಹೆಡ್ಡಾಫೀಸು ಹೊಸ ಭದ್ರತಾ ನಿಯಮ ತಂದಿತು: ಪ್ರತಿ ಗೇಟ್ ಪಾಸಿಗೂ ಮೊಬೈಲಿಗೆ ಒಂದು ಓಟಿಪಿ. ಮಂಗಳೂರಿನಲ್ಲಿ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಬರುತ್ತಿತ್ತಂತೆ. ನಮ್ಮ ಆಫೀಸು ಗುಡ್ಡದ ಬುಡದಲ್ಲಿದೆ. ಅಲ್ಲಿಗೆ ಸಿಗ್ನಲ್ ಬರುವುದು ಅದಕ್ಕೆ ಮನಸ್ಸಾದಾಗ.

ಲಾರಿಗಳ ಉಸ್ತುವಾರಿಯ ದಾಮೋದರ ನನ್ನ ಮೊಬೈಲ್ ಹಿಡಿದು, ಬೋಟುಗಳು ಬಂದು ನಿಲ್ಲುವ ಧಕ್ಕೆಯ ತುದಿಗೆ ಓಡುತ್ತಿದ್ದ. ಅದನ್ನು ತಲೆಯ ಮೇಲೆತ್ತಿ ನಿಂತು, "ಬಾಯೋರೇ, ಬಂತು ನೋಡಿ" ಎಂದು ಅಲ್ಲಿಂದಲೇ ಅಂಕಿಗಳನ್ನು ಕೂಗುತ್ತಿದ್ದ. ಯಾರಿಗೂ ಹೇಳಬೇಡಿ ಎಂದು ಕಂಪನಿ ಕಳಿಸಿದ ಗುಟ್ಟನ್ನು ಮೀನಿನ ಹರಾಜಿಗೆ ಬಂದ ಮಂದಿಯೆಲ್ಲ ಕೇಳುತ್ತಿದ್ದರು. ಒಬ್ಬಾಕೆ ಅದನ್ನು ಬಂಗಡೆಯ ದರವೆಂದು ತಿಳಿದು ಜಗಳಕ್ಕೇ ಬಂದಳು. ಹೆಡ್ಡಾಫೀಸಿಗೆ ಫೋನ್ ಮಾಡಿ ಕಷ್ಟ ಹೇಳಿಕೊಂಡೆವು. ನಿಯಮ ಎಲ್ಲರಿಗೂ ಒಂದೇ ಎಂದರು.

ಹಳೆಯ ಕಾಲದ ಕೋಟೆ ಕಟ್ಟಿದವರು ಹೆಬ್ಬಾಗಿಲಿನ ಜೊತೆಗೊಂದು ದಿಡ್ಡಿ ಬಾಗಿಲನ್ನೂ ಇಡುತ್ತಿದ್ದರು. ಹಾಲು ಮಾರುವವಳಿಗಾಗಿ ದಿನವೂ ಹೆಬ್ಬಾಗಿಲು ತೆಗೆಯುವ ಸಂಕಟ ಅವರಿಗೆ ಗೊತ್ತಿತ್ತು. ದಿಡ್ಡಿ ಇಲ್ಲದಿದ್ದರೆ ಜನ ಗೋಡೆಗೇ ಕನ್ನ ಕೊರೆಯುತ್ತಾರೆಂಬುದೂ ಗೊತ್ತಿದ್ದೀತು. ನಾವು ಮಾಡಿದ್ದೂ ಅದನ್ನೇ. ಬೆಳಿಗ್ಗೆ ನನ್ನ ಹೆಸರಿನಲ್ಲಿ ಒಮ್ಮೆ ಒಳಹೊಕ್ಕರೆ, ಕಂಪ್ಯೂಟರಿಗೆ ನಿದ್ದೆ ಬಾರದಂತೆ ಕೀಬೋರ್ಡಿನ ಮೇಲೊಂದು ದಪ್ಪ ಕಡಲ ಚಿಪ್ಪು ಇಟ್ಟುಬಿಡುವುದು. ಓಟಿಪಿಯನ್ನು ದಾಟುವ ದಾರಿಯನ್ನೂ ದಾಮೋದರ ಹುಡುಕಿದ: ಹಳೆಯ ಪಾಸನ್ನೇ ತೆರೆದು ವಿವರ ತಿದ್ದಿದರೆ ಅದು ಏನನ್ನೂ ಕೇಳುತ್ತಿರಲಿಲ್ಲ. ಆಫೀಸಿನವರೆಲ್ಲ ದಿನವಿಡೀ ನಾನಾಗಿ ಕೆಲಸ ಮಾಡಿದರು.

ಹೀಗಿರುವಾಗ ಒಂದು ಬೆಳಿಗ್ಗೆ ಮಡಗಾಂವದ ನಮ್ಮ ಹಳೆಯ ಗಿರಾಕಿ ನಾಯ್ಕರ ಹೆಸರಿನಲ್ಲಿ ಮೇಲ್ ಬಂತು. ಗೋದಾಮು ಬದಲಾಗಿದೆ, ಇವತ್ತಿನ ಸಿಗಡಿ ಹೊಸ ವಿಳಾಸಕ್ಕೆ ಕಳಿಸಿ ಎಂದಿತ್ತು. ಗಡಿಬಿಡಿಯಲ್ಲಿದ್ದ ದಾಮೋದರ ವಿಳಾಸ ತಿದ್ದಿ ಲಾರಿ ಬಿಟ್ಟ. ಮಧ್ಯಾಹ್ನ ಆಫೀಸಿನ ಲ್ಯಾಂಡ್‌ಲೈನಿಗೆ ಡ್ರೈವರ್ ರಫೀಕನ ಫೋನು. ದಾರಿ ಕೇಳಲು ಹತ್ತು ಸಲ ಫೋನ್ ಮಾಡುವ ಮನುಷ್ಯ ಅವನು. ನಾನು ಬೇಸರದಿಂದಲೇ ಎತ್ತಿದೆ.

"ಬಾಯೋರೇ, ಇಲ್ಲಿ ಬೋರ್ಡೂ ಇಲ್ಲ, ಐಸೂ ಇಲ್ಲ. ಇಬ್ಬರು ಖಾಲಿ ಟೆಂಪೋ ತಂದು ನಿಂತಿದಾರೆ. ಇಳಿಸುದೋ ಬೇಡವೋ?"

"ಬಾಗಿಲು ತೆಗೀಬೇಡ" ಎಂದವಳೇ ನಾಯ್ಕರಿಗೆ ಫೋನ್ ಮಾಡಿದೆ. ಅವರು ಎಲ್ಲಿಗೂ ಹೋಗಿರಲಿಲ್ಲ. ಹಳೆಯ ಗೋದಾಮಿನಲ್ಲೇ ಕೂತು ಸಿಗಡಿಗೆ ಕಾಯುತ್ತಿದ್ದರು. ರಫೀಕ ಲಾರಿ ತಿರುಗಿಸಿದ. ಮಾಲು ಉಳಿಯಿತು. ಆದರೆ ವಿಳಾಸ ತಿದ್ದಿದವರ ಜಾಗದಲ್ಲಿ ಸಾಫ್ಟ್‌ವೇರ್ ನನ್ನ ಹೆಸರು ತೋರಿಸುತ್ತಿತ್ತು.

ವಿಚಾರಣೆ ಮುಗಿಯುವವರೆಗೆ ನಾನೂ ದಾಮೋದರನೂ ಕಂಪ್ಯೂಟರ್ ಮುಟ್ಟಬಾರದೆಂದು ಆದೇಶ ಬಂತು. ದಾಮೋದರ ಊಟ ಬಿಟ್ಟ. "ತಿದ್ದಿದ್ದು ನಾನು, ನಿಮ್ಮನ್ನ ಎಂತಕ್ಕೆ ಎಳೀತಾರೆ?" ಎಂದು ಪದೇಪದೇ ಹೇಳಿದ. ಇಬ್ಬರದೂ ಕೆಲಸ ಹೋಯಿತೆಂದೇ ನಾನು ಅಂದುಕೊಂಡಿದ್ದೆ.

ವಿಚಾರಣೆಗೆ ಬಂದವಳು ಹೆಡ್ಡಾಫೀಸಿನ ಭದ್ರತಾ ವಿಭಾಗದ ಸುಷ್ಮಾ. ನಾನು ಮೇಡಂ ಎಂದೆ. ನಮ್ಮ ಅಂಕೋಲೆ ಪಕ್ಕದ ಬೇಲೆಕೇರಿಯ ಮೀನುಗಾರರ ಮನೆಯ ಹುಡುಗಿ ಎಂದು ಗೊತ್ತಾದ ಮೇಲೆ ಬಾಯಿಗೆ ತಂಗಿ ಎಂದೇ ಬಂತು. ಅವಳು ಪ್ರಶ್ನೆ ಕೇಳುವ ಬದಲು, "ಅಕ್ಕಾ, ನಾಳೆ ಬೆಳಿಗ್ಗೆ ನಾನೇ ಪಾಸ್ ಮಾಡ್ತೆ, ನೀವು ಪಕ್ಕಕ್ಕೆ ಕೂತ್ಕಣಿ" ಎಂದಳು.

ಮರುದಿನ ಬೋಟುಗಳು ತುಂಬಿ ಬಂದವು. ಸುಷ್ಮಾ ಓಟಿಪಿಗೆ ಕಾದಳು. ಲಾರಿಯ ಅಡಿಯಿಂದ ಐಸ್ ನೀರು ಹರಿದು ಬಾಗಿಲವರೆಗೆ ಬಂತು. ಕೊನೆಗೆ ತಾನೇ ಮೊಬೈಲ್ ಹಿಡಿದು ಧಕ್ಕೆಗೆ ನಡೆದಳು. ತಿರುಗಿ ಬಂದಾಗ ಮುಖ ಕೆಂಪಾಗಿತ್ತು.

"ಈ ನಿಯಮ ಬರೆದದ್ದು ನಾನು" ಎಂದಳು. "ಬರೆಯುವಾಗ ಇಲ್ಲಿಗೆ ಬರಬೇಕಿತ್ತು."

ಅವಳ ವರದಿಯಿಂದ ಇಬ್ಬರ ಕೆಲಸವೂ ಉಳಿಯಿತು. ಸ್ವಲ್ಪ ದಿನಗಳಲ್ಲಿ ನಮಗೆಲ್ಲ ಒಂದೊಂದು ಪುಟ್ಟ ಕೀಲಿ ಬಂತು. ಕಂಪ್ಯೂಟರಿಗೆ ಸಿಕ್ಕಿಸಿ ಬೆರಳು ತಾಗಿಸಿದರೆ ಪಾಸ್ ತಯಾರು, ಸಿಗ್ನಲ್ಲಿನ ಹಂಗಿಲ್ಲ. ಆದರೆ ಗಿರಾಕಿಯ ವಿಳಾಸ ಬದಲಿಸಬೇಕಾದರೆ ಇಬ್ಬರು ಒಪ್ಪಬೇಕು, ಮೊದಲಿನಿಂದ ನಮ್ಮಲ್ಲಿರುವ ನಂಬರಿಗೆ ಫೋನ್ ಮಾಡಿ ಕೇಳಲೇಬೇಕು. ದಿನಕ್ಕೆ ನೂರು ಸಲ ಮಾಡುವ ಕೆಲಸ ಹಗುರಾಯಿತು, ಅಪರೂಪದ್ದು ಬಿಗಿಯಾಯಿತು.

ಮೊನ್ನೆ ನಾಯ್ಕರು ನಿಜವಾಗಿಯೂ ಗೋದಾಮು ಬದಲಿಸಿದರು. ಬೇರೆ ನಂಬರಿನಿಂದ ಅವರೇ ಫೋನ್ ಮಾಡಿ, ನಾಳೆಯಿಂದ ಹೊಸ ಜಾಗಕ್ಕೆ ಕಳಿಸಿ ಎಂದರು.

"ದನಿ ನಿಮ್ದೇ, ಗೊತ್ತಾಯ್ತು. ಆದ್ರೂ ಇಡ್ರಿ, ಹಳೇ ನಂಬರಿಗೆ ನಾನೇ ಮಾಡ್ತೆ" ಎಂದ ದಾಮೋದರ.

ನಾಯ್ಕರು ಸಿಟ್ಟಾದಾರೆಂದು ನಾನು ಹೆದರಿದೆ. ಹಳೆಯ ನಂಬರಿನಲ್ಲಿ ಅವರು ನಗುತ್ತಲೇ ಮಾತಾಡಿದರು. ಮೊಣಕಾಲು ಕೈಕೊಟ್ಟಿದೆ, ಮೆಟ್ಟಿಲು ಹತ್ತಲಾಗದೆ ನೆಲಮಾಳಿಗೆಯ ಗೋದಾಮಿನಿಂದ ರಸ್ತೆ ಬದಿಗೆ ಬಂದೆ ಎಂದರಂತೆ. ದಾಮೋದರ ತನ್ನ ತಾಯಿ ಹಚ್ಚುವ ಎಣ್ಣೆಯ ಹೆಸರು ಹೇಳಿದ. ಇಷ್ಟು ವರ್ಷ ಇಬ್ಬರೂ ಬಂಗಡೆ, ಸಿಗಡಿ ಬಿಟ್ಟು ಬೇರೆ ಮಾತಾಡಿದ್ದಿಲ್ಲ. ಆ ಹರಟೆ ದಕ್ಷತೆಯ ಯಾವ ಲೆಕ್ಕಕ್ಕೂ ಸೇರುವಂಥದ್ದಲ್ಲ. ಸೇರಿಸಲು ನಾನೂ ಹೋಗಲಿಲ್ಲ. ಅವರ ಮಾತು ಮುಗಿಯುವ ಹೊತ್ತಿಗೆ ಅವತ್ತಿನ ಲಾರಿಗಳೆಲ್ಲ ಗೇಟು ದಾಟಿ ಹೋಗಿದ್ದವು.