ಗೋವಾದಿಂದ ಹಾರಿಸಿ ತೋರಸ್ರಿ

ಸೇಡು ಒಳ್ಳೆಯದಲ್ಲ ಎಂದು ಮನೆಯಲ್ಲಿ ಹೇಳಿಯೇ ಬೆಳೆಸಿದ್ದರು. ನನ್ನ ತಲೆಗೆ ಅದು ಹತ್ತಲಿಲ್ಲ, ಏನು ಮಾಡಲಿ.

ಧಾರವಾಡದ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪಾಠ ಹೇಳುವವಳು ನಾನು. ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಿಮ್ಯುಲೇಟರ್ ನನ್ನ ಹುಚ್ಚು. ಅದರೊಳಗಿನ ಹಳೆಯ ಯುದ್ಧವಿಮಾನದ ಎಂಜಿನ್ನು ಎಷ್ಟು ಹಿಂಸಿಸಿದರೂ ಕೆಡುತ್ತಿರಲಿಲ್ಲ. ಅದು ಎಂಜಿನ್ನೇ ಅಲ್ಲ, ಬರೀ ಸದ್ದು. ಸಿಟ್ಟು ಬಂದು, ನಿಜವಾದ ಎಂಜಿನ್ನಿನಂತೆ ನಡೆಯುವ ಪ್ರೋಗ್ರಾಮ್ ಒಂದನ್ನು ನಾನೇ ಬರೆಯಲು ಕುಳಿತೆ. ಮೇಲೇರಿದಂತೆ ಗಾಳಿ ತೆಳುವಾಗಿ ಪಿಸ್ಟನ್ ಎಂಜಿನ್ನಿಗೆ ಉಸಿರು ಸಾಲುವುದಿಲ್ಲ. ಗಾಳಿಯನ್ನು ಒತ್ತಿ ಒಳಗೆ ತುಂಬಲು ಸೂಪರ್‌ಚಾರ್ಜರ್ ಎಂಬ ಪಂಖ ಇರುತ್ತದೆ. ಆ ಒತ್ತಡ, ಆ ಶಾಖ, ಸಿಲಿಂಡರ್ ತಾಳುವ ಮಿತಿ ಎಲ್ಲವನ್ನೂ ಹೊಂದಿಸುವಷ್ಟರಲ್ಲಿ ಎರಡು ಬೇಸಿಗೆ ರಜೆ ಹೋದವು. ಮನೆಯವರು ನನ್ನ ಆಸೆಯನ್ನೇ ಬಿಟ್ಟಿದ್ದರು.

ನಮ್ಮ ವಿಭಾಗದ ಹಿರಿಯ ಸಹೋದ್ಯೋಗಿಯೊಬ್ಬರು ನೋಡಿ ಮೆಚ್ಚಿ, ತಮಗೊಂದು ಕಾಪಿ ಬೇಕೆಂದರು. ಕೊಟ್ಟೆ. ಅವರು ಹಾರಿಸಿದ್ದೆಲ್ಲ ಹುಬ್ಬಳ್ಳಿ ರನ್‌ವೇಯಿಂದ. ನಮ್ಮೂರು ಬಿಟ್ಟು ಬೇರೆ ಕಡೆ ಹೋಗುವವರು ಯಾರು. ಹುಬ್ಬಳ್ಳಿ ಎತ್ತರದಲ್ಲಿದೆ, ಗಾಳಿ ಮೊದಲೇ ಕೊಂಚ ತೆಳು. ಇಲ್ಲಿ ಎಂಜಿನ್ನಿನ ಶಕ್ತಿ ಏರಿಸುವ ಹಿಡಿಕೆ, ಥ್ರಾಟಲ್, ಪೂರ್ತಿ ತಳ್ಳಿದರೂ ನನ್ನ ಎಂಜಿನ್ ತಾಳುತ್ತದೆ. ಸಮುದ್ರದಂಡೆಯಲ್ಲಿ ಹಾಗಲ್ಲ. ಅಲ್ಲಿಯ ದಪ್ಪ ಗಾಳಿಯನ್ನು ಪಂಖವೂ ಸೇರಿ ಒತ್ತಿದರೆ ಸಿಲಿಂಡರ್ ಒಡೆಯುತ್ತದೆ; ಥ್ರಾಟಲನ್ನು ತಡೆದು ಹಿಡಿಯಬೇಕು. ಇದನ್ನು ಹೇಳಹೋದಾಗ, ಅಷ್ಟೆಲ್ಲ ಯಾರು ನೋಡುತ್ತಾರೆ ಎಂದು ಅವರು ನಕ್ಕಿದ್ದರು.

ಕಾಲೇಜಿನ ಪ್ರದರ್ಶನದ ದಿನ ನೋಡಿದರೆ ಪೋಸ್ಟರಿನಲ್ಲಿ ನನ್ನ ಎಂಜಿನ್ನಿನ ಕೆಳಗೆ ಅವರೊಬ್ಬರದೇ ಹೆಸರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಇಲ್ಲಿ ಕೆಸರು ನನ್ನ ಕೈಗೆ, ಮೊಸರು ಅವರ ಬಾಯಿಗೆ. ಕೇಳಿದ್ದಕ್ಕೆ ತಣ್ಣಗೆ ಅಂದರು:

"ಎಲ್ಲಾ ಡಿಪಾರ್ಟ್‌ಮೆಂಟಿನ ಕೆಲಸ ಅಲ್ಲೇನ್ರಿ ಮೇಡಂ? ನೀವು ಚಹಾದ ವ್ಯವಸ್ಥಾ ನೋಡ್ರಿ."

ಮೈಯೆಲ್ಲ ಉರಿಯಿತು. ಎಂಜಿನ್ ಯಾರದೆಂದು ಇವರ ಬಾಯಿಂದಲೇ, ಎಲ್ಲರೆದುರೇ ಹೇಳಿಸದಿದ್ದರೆ ನಾನು ನಾನಲ್ಲ ಅಂದುಕೊಂಡೆ. ಚಹಾದ ವ್ಯವಸ್ಥೆ ನೋಡಿದೆ. ಏಲಕ್ಕಿಯನ್ನೂ ಹಾಕಿಸಿದೆ.

ಮುಖ್ಯ ಅತಿಥಿ ವಾಯುಸೇನೆಯಲ್ಲಿ ಎಂಜಿನ್ನುಗಳ ಕೆಲಸ ಮಾಡಿ ನಿವೃತ್ತರಾದ ಹಿರಿಯರು. ಅವರ ಮುಂದೆ ಸಹೋದ್ಯೋಗಿ ಹುಬ್ಬಳ್ಳಿ ರನ್‌ವೇ ತೆರೆದು ಕುಳಿತರು. ಅವರ ಮಾತು ಶುರುವಾದದ್ದೇ "ನಾನು ಬರೆದ ಎಂಜಿನ್, ನನ್ನ ಸೂಪರ್‌ಚಾರ್ಜರ್" ಎಂದು. ನಾನು ಅತಿಥಿಯ ಕೈಗೆ ಚಹಾದ ಕಪ್ಪು ಕೊಟ್ಟು, ಸಹೋದ್ಯೋಗಿಗೆ ಬಹಳ ವಿನಯದಿಂದ ಹೇಳಿದೆ:

"ಸರ, ಹುಬ್ಬಳ್ಳಿ ಎಲ್ಲಾರೂ ನೋಡ್ಯಾರ. ಗೋವಾದಿಂದ ಹಾರಿಸಿ ತೋರಸ್ರಿ. ಸಮುದ್ರಾನೂ ಕಾಣ್ತೈತಿ."

ಅತಿಥಿಗೂ ಹೌದೆನಿಸಿತು. ಸಹೋದ್ಯೋಗಿ ಉತ್ಸಾಹದಿಂದ ಗೋವಾ ತೆರೆದು, ರೂಢಿಯಂತೆ ಥ್ರಾಟಲ್ ಪೂರ್ತಿ ತಳ್ಳಿದರು. ವಿಮಾನ ಚೆನ್ನಾಗಿಯೇ ಏರಿತು. ನಾನು ಒತ್ತಡದ ಮಾಪಕದ ಮುಳ್ಳನ್ನೇ ನೋಡುತ್ತ ನಿಂತೆ. ದಂಡೆ ದಾಟುವಷ್ಟರಲ್ಲಿ ಟಕಟಕ ಸದ್ದು, ಕಪ್ಪು ಹೊಗೆ. ಪ್ರೊಪೆಲ್ಲರ್ ನಿಂತಿತು, ವಿಮಾನ ನೀರಿಗೆ ಬಿತ್ತು. ವಿದ್ಯಾರ್ಥಿಗಳು ಗೊಳ್ಳೆಂದು ನಕ್ಕರು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

ಸಹೋದ್ಯೋಗಿಯ ಮುಖ ಹುಳ್ಳಗಾಯಿತು. ಗಡಬಡಿಸಿ ನನ್ನತ್ತ ಕೈ ತೋರಿಸಿದರು.

"ಸರ, ಎಂಜಿನ್ ನಂದಲ್ರಿ. ಎಲ್ಲಾ ಇವರ ಬರದದ್ದು. ತಪ್ಪ ಇವರದು."

ಅತಿಥಿ ಪರದೆಯತ್ತ ಬಾಗಿ ಮಾಪಕವನ್ನು ನಿಧಾನವಾಗಿ ನೋಡಿದರು.

"ತಪ್ಪ ಏನೂ ಇಲ್ಲ. ಖರೇ ಎಂಜಿನ್ ಇದ್ರೂ ಹಿಂಗ ಒಡೀತಿತ್ತು. ಭಾಳ ಛಲೋ ಬರದೀರಿ ಮೇಡಂ. ಕೂಡ್ರಿ, ನೀವ ಹಾರಸ್ರಿ."

ಸಹೋದ್ಯೋಗಿ ಕುರ್ಚಿ ಬಿಟ್ಟು ಎದ್ದರು. ಬಾಗಿಲತ್ತ ಸರಿಯುತ್ತಿದ್ದವರನ್ನು ನಾನೇ ಕರೆದು ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅದೇ ರನ್‌ವೇಯಿಂದ ವಿಮಾನ ಏರಿಸುತ್ತ, ಥ್ರಾಟಲ್ ಯಾಕೆ ತಡೆದು ಹಿಡಿಯಬೇಕೆಂದು ಎಲ್ಲರಿಗೂ ವಿವರಿಸಿದೆ. ಒಂದೊಂದು ಮಾತು ಮುಗಿದಾಗಲೂ ಅವರತ್ತ ತಿರುಗಿ, ಅಲ್ಲೇನ್ರಿ ಸರ ಎಂದು ಕೇಳಿದೆ. ಪ್ರತಿ ಸಲವೂ ಅವರು ಹೌದ್ರಿ ಎನ್ನಬೇಕಾಯಿತು.