ಇರ್ಲಿ ಬಿಡ್ರಿ, ನಡೀತೈತಿ

ಕೊಪ್ಪಳದ ಆ ಕ್ಯಾಮೆರಾ ಮೆಕ್ಯಾನಿಕನ ಬಾಯಲ್ಲಿ ಯಾವಾಗಲೂ ಒಂದೇ ಮಾತು: "ಇರ್ಲಿ ಬಿಡ್ರಿ, ನಡೀತೈತಿ." ಚಹಾ ಆರಿದ್ದರೂ ಅದೇ, ನಿಂತ ಏಣಿ ಅಲುಗಾಡಿದರೂ ಅದೇ. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಕಾರಟಗಿಯ ಒಂದು ಅಕ್ಕಿ ಮಿಲ್ಲಿಗೆ ಮೊದಲು ಸಿಸಿಟಿವಿ ಕ್ಯಾಮೆರಾ ಹಾಕಿದವನು ನಾನು. ಹೊಟ್ಟಿನ ದೂಳು ನುಂಗುತ್ತ ಗೋಡೆಗುಂಟ ವೈರ್ ಎಳೆದವನೂ ನಾನೇ. ಟಿವಿಯಲ್ಲಿ ಯಾರ ಮುಖವೂ ಗುರುತು ಸಿಗುವುದಿಲ್ಲ ಎಂದು ಮಿಲ್ಲಿನ ಸಾವ್ಕಾರರು ಗೊಣಗಿದಾಗ, "ವೈರ್ ಸಮೇತ ಎಲ್ಲಾ ಕಿತ್ತು ಹೊಸಾದು ಹಾಕಬೇಕ್ರಿ" ಅಂದೆ. ಅವರು ಕೊಪ್ಪಳದಿಂದ ಇವನನ್ನು ಕರೆಸಿದರು.

ಅಂಗಡಿಯಲ್ಲಿ ಸೀರೆ ನೋಡುವವರ ಹಾಗೆ ಅವನು ನನ್ನ ವೈರನ್ನು ಬೆರಳಲ್ಲಿ ಉಜ್ಜಿ ನೋಡಿದ. "ಇರ್ಲಿ ಬಿಡ್ರಿ, ನಡೀತೈತಿ." ಕ್ಯಾಮೆರಾಗಳನ್ನೂ ರೆಕಾರ್ಡಿಂಗ್ ಡಬ್ಬಿಯನ್ನೂ ಮಾತ್ರ ಬದಲಿಸಿದ. ಮಧ್ಯಾಹ್ನದೊಳಗೆ ಟಿವಿಯಲ್ಲಿ ಅಕ್ಕಿ ಚೀಲದ ಮೇಲಿನ ಅಕ್ಷರ ಓದಲು ಬಂತು. ಹಮಾಲರೆಲ್ಲ ಬಾಯಿ ತೆರೆದು ನಿಂತರು. ಆ ಚಿತ್ರ ಹರಿದು ಬಂದದ್ದು ನನ್ನ ವೈರಿನಲ್ಲಿ. ಶಹಬ್ಬಾಸ್ ಮಾತ್ರ ಅವನಿಗೆ!

ಹೊಸ ಕ್ಯಾಮೆರಾಗಳ ಪೂಜೆಗೆ ಸಾವ್ಕಾರರು ನನ್ನನ್ನೂ ಕರೆದಿದ್ದರು. ಡಬ್ಬಿಗೆ ಕುಂಕುಮ ಹಚ್ಚಿ ಅವನ ಕೈಗೆ ತೆಂಗಿನಕಾಯಿ ಕೊಟ್ಟರು.

"ನನಗ್ಯಾಕ್ರಿ? ಈ ಅಣ್ಣಾರ ಕೈಲೆ ಒಡಸ್ರಿ. ವೈರ್ ಅವರದೈತಿ, ಭಾಳ ಛಲೋ ಎಳದಾರ" ಎಂದು ಅವನು ಕಾಯಿಯನ್ನು ನನ್ನತ್ತ ಚಾಚಿದ.

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಕಾಯಿ ಎತ್ತಿದವನು ಎದುರಿನ ಟಿವಿ ನೋಡಿದೆ. ಅದರಲ್ಲಿ ಒಬ್ಬ ಹಲ್ಲು ಕಚ್ಚಿಕೊಂಡು, ಯಾರದೋ ತಲೆಗೆ ಗುರಿ ಹಿಡಿದವನಂತೆ ಕಾಯಿ ಎತ್ತಿ ನಿಂತಿದ್ದ. ಹಳೇ ಕ್ಯಾಮೆರಾ ಇದ್ದಿದ್ದರೆ ಅವನು ಯಾರೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ.