ನಾಲ್ಕು ಗೆರೆ ಕಳೆಯಿರಿ

ನಾನು ಡಿಪ್ಲೊಮಾ ಓದಿದ ಕಾಲೇಜಿನ ಲ್ಯಾಬಿನಲ್ಲಿ ನಮ್ಮ ಕೈಗೆ ಸಿಗುತ್ತಿದ್ದದ್ದು ಒಂದೇ ಒಂದು ವರ್ನಿಯರ್, ವಸ್ತುವನ್ನು ದವಡೆಯಲ್ಲಿ ಕಚ್ಚಿಸಿ ದಪ್ಪ ಅಳೆಯುವ ಸಾಧನ. ದವಡೆ ಪೂರ್ತಿ ಮುಚ್ಚಿದರೆ ಅದು ಸೊನ್ನೆ ತೋರಿಸಬೇಕು. ನಮ್ಮದು ನಾಲ್ಕು ಗೆರೆ ಮುಂದೆ ತೋರಿಸುತ್ತಿತ್ತು. ಯಾವ ಕಾಲದಲ್ಲಿ ಯಾರ ಕೈಯಿಂದ ಬಿದ್ದಿತ್ತೋ. ಮೇಷ್ಟ್ರು ಅದನ್ನೇ ಒಂದು ಶಾಸ್ತ್ರ ಮಾಡಿಬಿಟ್ಟಿದ್ದರು: "ಏನೇ ಬರ್ಲಿ, ನಾಲ್ಕು ಗೆರೆ ಕಳೀರಿ." ನಾವು ಕಳೆದೆವು. ಉತ್ತರವೂ ಸರಿ, ಅಂಕವೂ ಸರಿ.

ಹೊಸ ವರ್ನಿಯರ್‌ಗಳು ಇರಲಿಲ್ಲವೆಂದಲ್ಲ. ಬೀರುವಿನ ಗಾಜಿನ ಹಿಂದೆ, ಪ್ಲಾಸ್ಟಿಕ್ ಕವರಿನಲ್ಲಿ ಸುಖವಾಗಿದ್ದವು. ತಪಾಸಣೆಯವರು ಬಂದರೆ ತೋರಿಸಲು ಬೇಕಲ್ಲ! ಆಯುಧಪೂಜೆಗೆ ಹೊರಗೆ ತೆಗೆದು, ಕುಂಕುಮ ಇಟ್ಟು, ಮಂಗಳಾರತಿ ಮುಗಿದೊಡನೆ ಮತ್ತೆ ಬೀಗ. ಮೂರು ವರ್ಷ ಅವಕ್ಕೆ ಕೈ ಮುಗಿದೆವೇ ಹೊರತು ಕೈ ಹಚ್ಚಲಿಲ್ಲ.

ಆಮೇಲೆ ಶಿವಮೊಗ್ಗದ ಒಂದು ಕಾರ್ಖಾನೆಯಿಂದ ಸಂದರ್ಶನಕ್ಕೆ ಕರೆ ಬಂತು. ನಮ್ಮೂರು ಜನ್ನಾಪುರದಲ್ಲಿ ಬಸ್ಸು ಹತ್ತಿಸುವಾಗ ಅಮ್ಮ, "ಈ ಕೆಲ್ಸ ಒಂದು ಸಿಕ್ಬಿಟ್ರೆ ಸಾಕು ಮಾರಾಯ್ತಿ" ಎಂದಿದ್ದಳು. ಅಲ್ಲಿನ ಸೂಪರ್‌ವೈಸರ್ ಒಂದು ಕಬ್ಬಿಣದ ತುಂಡು, ಒಂದು ಥಳಥಳಿಸುವ ವರ್ನಿಯರ್ ಕೊಟ್ಟರು. ಸರಿಯಾಗಿಯೇ ಅಳೆದೆ. ಅಳೆದಮೇಲೆ ಜಾಣೆಯಂತೆ ನಾಲ್ಕು ಗೆರೆ ಕಳೆದು ಉತ್ತರ ಹೇಳಿದೆ.

"ಯಾಕಮ್ಮ ಕಳೆದೆ?"

"ಕಳೀಬೇಕಲ್ವಾ ಸಾರ್?"

ಅವರು ನಕ್ಕಿದ್ದರೂ ನನಗೆ ಅಷ್ಟು ಬೇಸರ ಆಗುತ್ತಿರಲಿಲ್ಲ. ಪಾಪ ಎನ್ನುವಂತೆ ನೋಡಿದರು. ಕೆಲಸ ಇನ್ಯಾರಿಗೋ ಹೋಯಿತು.

ಅಳೆಯಲು ಬಾರದವಳು ಇನ್ನೇನು ಮಾಡಬೇಕು? ಅದೇ ಕಾಲೇಜಿನಲ್ಲಿ ಅಳತೆ ಕಲಿಸುವ ಲ್ಯಾಬ್ ಮೇಡಂ ಆದೆ. ಬೀರುವಿನ ಬೀಗದ ಕೈ ಮಾತ್ರ ನಮ್ಮ ಮೇಷ್ಟ್ರ ಬಳಿಯೇ ಇತ್ತು; ಮಕ್ಕಳ ಕೈಯಲ್ಲಿ ಅದೇ ಹಳೆಯ ವರ್ನಿಯರ್. ಅವರು ನಿವೃತ್ತರಾಗಿ ಮೊನ್ನೆ ಅದು ನನ್ನ ಕೈಗೆ ಬಂದದ್ದೇ ತಡ, ಹೊಸವನ್ನೆಲ್ಲ ತೆಗೆದು ಮಕ್ಕಳಿಗೆ ಹಂಚಿದೆ.

"ಹಾಳಾದ್ರೆ ಯಾರು ಹೊಣೆ ಮೇಡಂ?" ಎಂದ ಅಟೆಂಡರ್.

"ನಾನೇ" ಎಂದೆ. ಬಹಳ ದೊಡ್ಡ ಕೆಲಸ ಮಾಡಿದ ಜಂಬ ನನಗೆ.

ಕೊನೆಯ ವರ್ಷದ ಹುಡುಗಿಯೊಬ್ಬಳು ಹೊಸ ವರ್ನಿಯರಿನಲ್ಲಿ ನೀಟಾಗಿ ಅಳೆದು, ನಾಲ್ಕು ಗೆರೆ ಕಳೆದು ಬರೆದುಕೊಂಡಳು.

"ಯಾಕಮ್ಮ ಕಳೆದೆ?"

"ಈ ಕಾಲೇಜಲ್ಲಿ ಕಳೀಬೇಕು ಅಂತ ಸೀನಿಯರ್ಸ್ ಹೇಳಿದ್ರು ಮೇಡಂ."

ಸೋಮವಾರ ಅವಳಿಗೂ ಸಂದರ್ಶನವಿತ್ತು.

"ಮುಚ್ಚಿ ನೋಡು, ಎಷ್ಟು ತೋರ್ಸುತ್ತೆ?"

"ಸೊನ್ನೆ."

"ಮತ್ತೆ ಕಳೆಯೋಕೆ ಏನಿದೆ?"

ಅವಳು ನನ್ನನ್ನು ನಂಬಬೇಕೋ ಸೀನಿಯರ್‌ಗಳನ್ನೋ ಎಂದು ಯೋಚಿಸುತ್ತಿದ್ದಳು. ಆ ವರ್ನಿಯರನ್ನು ಅವಳ ಬ್ಯಾಗಿಗೇ ಹಾಕಿದೆ.

"ಮನೆಗೆ ತಗೊಂಡು ಹೋಗು. ಭಾನುವಾರ ಪೂರ್ತಿ ಲೋಟ, ಸೌಟು, ಬಳೆ, ಸಿಕ್ಕಿದ್ದೆಲ್ಲ ಅಳತೆ ಮಾಡು. ಏನನ್ನೂ ಕಳೀಬೇಡ."

ಅಟೆಂಡರ್ ಬೀರುವಿನ ಬೀಗ ಹಿಡಿದುಕೊಂಡು ನಿಂತೇ ಇದ್ದ.